ರಜೆಗೆ ಬಂದವರು ವಾಪಸ್ ಹೋಗಲಿಲ್ಲ: ಹೋಮಿ ಭಾಭಾ ಮತ್ತು ಅಪ್ಸರಾ

ರಜೆಗೆ ಅಂತ ಊರಿಗೆ ಹೋಗಿ, ಓದುತ್ತಿದ್ದ ಕಡೆಗೆ ವಾಪಸ್ ಬರೋಕೆ ಆಗದಿದ್ದರೆ? ಪರದೇಶದಲ್ಲಿ ಓದೋ ನಮಗೆಲ್ಲ ಇದು ಗೊತ್ತಿರುವ ಭಯವೇ. 1939ರಲ್ಲಿ ಹೋಮಿ ಜಹಾಂಗೀರ್ ಭಾಭಾ ಅವರಿಗೆ ಹೀಗೇ ಆಯಿತು. ಕೇಂಬ್ರಿಡ್ಜ್‌ನಿಂದ ರಜೆಗೆ ಭಾರತಕ್ಕೆ ಬಂದಿದ್ದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬೈನ ಪಾರ್ಸಿ ಮನೆತನದಲ್ಲಿ. ಮಗ ಎಂಜಿನಿಯರ್ ಆಗಿ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಅನ್ನೋದು ಮನೆಯವರ ಆಸೆ. ಅದಕ್ಕೇ 1927ರಲ್ಲಿ ಕೇಂಬ್ರಿಡ್ಜ್‌ಗೆ ಕಳಿಸಿದರು. ಮಗನ ಮನಸ್ಸು ಮಾತ್ರ ಭೌತವಿಜ್ಞಾನದ ಕಡೆ. ಮೊದಲು ಎಂಜಿನಿಯರಿಂಗನ್ನು ಪ್ರಥಮ ದರ್ಜೆಯಲ್ಲಿ ಮುಗಿಸು, ಆಮೇಲೆ ಗಣಿತ ಓದು ಅಂತ ಅಪ್ಪ ಷರತ್ತು ಹಾಕಿದರು. ಭಾಭಾ ಎರಡನ್ನೂ ಮಾಡಿ ತೋರಿಸಿದರು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಒಂದಕ್ಕೊಂದು ತಾಗಿ ಚದುರುವ ಬಗೆಯನ್ನು ಅವರು ಲೆಕ್ಕ ಹಾಕಿದ್ದು ಇಂದಿಗೂ ಅವರ ಹೆಸರಿನಲ್ಲೇ ಇದೆ.

ಯುದ್ಧದಿಂದ ಇಲ್ಲೇ ಉಳಿದವರಿಗೆ ನೆಲೆ ಕೊಟ್ಟಿದ್ದು ನಮ್ಮ ಬೆಂಗಳೂರು. ಸಿ. ವಿ. ರಾಮನ್ ಅವರಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೀಡರ್ ಆಗಿ ಸೇರಿ, ವಿಶ್ವಕಿರಣಗಳ ಸಂಶೋಧನೆ ನಡೆಸಿದರು. ಯುದ್ಧ ಮುಗಿದರೆ ಮತ್ತೆ ಹೊರದೇಶದ ಒಳ್ಳೆ ವಿಶ್ವವಿದ್ಯಾಲಯ ಸೇರೋದು ಅಂತಲೇ ಮೊದಲು ಅಂದುಕೊಂಡಿದ್ದರು. ಬೆಂಗಳೂರಿನ ಆ ವರ್ಷಗಳಲ್ಲಿ ಮನಸ್ಸು ಬದಲಾಯಿತು. ಸರಿಯಾದ ಬೆಂಬಲ, ಹಣ ಸಿಗೋದಾದರೆ ಇಲ್ಲೇ ಉಳಿದು ಕಟ್ಟಬೇಕು ಅನ್ನಿಸಿತು. ಆ 'ಸಿಗೋದಾದರೆ' ಅನ್ನೋದನ್ನು ನಾವು ಮರೆಯಬಾರದು. ಬರೀ ಅಭಿಮಾನದಿಂದ ಪ್ರಯೋಗಾಲಯ ನಡೆಯೋದಿಲ್ಲ ಅಂತ ಅವರಿಗೆ ಗೊತ್ತಿತ್ತು. 1944ರ ಮಾರ್ಚ್‌ನಲ್ಲಿ, ಅಂದರೆ ಹಿರೋಶಿಮಾಕ್ಕೂ ಮುಂಚೆಯೇ, ಟಾಟಾ ಟ್ರಸ್ಟ್‌ಗೆ ಪತ್ರ ಬರೆದು ಸಂಶೋಧನಾ ಸಂಸ್ಥೆಗೆ ನೆರವು ಕೇಳಿದರು. ಮುಂದೆ ಪರಮಾಣು ವಿದ್ಯುತ್ತಿನ ಕಾಲ ಬಂದಾಗ ತಜ್ಞರಿಗಾಗಿ ಹೊರಗೆ ಹುಡುಕಬಾರದು ಅನ್ನೋದು ಅವರ ವಾದ. 1945ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅದೇ ವರ್ಷ ಮುಂಬೈಗೆ ಹೋಯಿತು.

ತಜ್ಞರು ತಯಾರಾಗಬೇಕಾದರೆ ಕೈಯಾರೆ ಮಾಡಿ ಕಲಿಯಬೇಕು. ಹಾಗಾಗಿ 1955ರಲ್ಲಿ ಮುಂಬೈ ಪಕ್ಕದ ಟ್ರಾಂಬೆಯಲ್ಲಿ ಒಂದು ಸಂಶೋಧನಾ ರಿಯಾಕ್ಟರ್ ಕಟ್ಟಲು ನಿರ್ಧಾರವಾಯಿತು. ಇಂಧನ ಬ್ರಿಟನ್ನಿನಿಂದ ಬಂತು. ನಿಯಂತ್ರಣ ವ್ಯವಸ್ಥೆ, ಎಲೆಕ್ಟ್ರಾನಿಕ್ ಉಪಕರಣಗಳನ್ನು ನಮ್ಮವರೇ ಮಾಡಿದರು. ಅಲ್ಲಿ ಯಾರೂ ಅದಕ್ಕೂ ಮೊದಲು ರಿಯಾಕ್ಟರ್ ಕಟ್ಟಿದವರಲ್ಲ. 1956ರ ಆಗಸ್ಟ್ 4ರಂದು ಅದು ಚಾಲೂ ಆಯಿತು. ಸೋವಿಯತ್ ಒಕ್ಕೂಟ ಬಿಟ್ಟರೆ ಏಷ್ಯಾದಲ್ಲಿ ಇದೇ ಮೊದಲನೆಯದು.

ಇದು ವಿದ್ಯುತ್ ಮಾಡುವ ಸ್ಥಾವರ ಅಲ್ಲ, ನ್ಯೂಟ್ರಾನ್‌ಗಳನ್ನು ಕೊಡುವ ಉಪಕರಣ. ಸುಮಾರು 8 ಮೀಟರ್ ಆಳದ ಕೊಳ, ಅದರ ನೀರಿನಲ್ಲಿ ಇಳಿಬಿಟ್ಟ ಯುರೇನಿಯಂ ಇಂಧನದ ಕಟ್ಟು. ಗರಿಷ್ಠ ಶಕ್ತಿ 1 ಮೆಗಾವ್ಯಾಟ್. ನೀರೇ ತಂಪು ಮಾಡುತ್ತೆ, ನೀರೇ ವಿಕಿರಣ ತಡೆಯುತ್ತೆ. ನೀರಿನಲ್ಲಿ ಬೆಳಕು ಸಾಗುವುದಕ್ಕಿಂತ ವೇಗವಾಗಿ ಎಲೆಕ್ಟ್ರಾನ್‌ಗಳು ಓಡುವಾಗ ಕೊಳದ ತಳದಲ್ಲಿ ನೀಲಿ ಹೊಳಪು ಮೂಡುತ್ತೆ. ಆ ಚೆಲುವಿಗೇ ನೆಹರೂ ಅವರು 'ಅಪ್ಸರಾ' ಅಂತ ಹೆಸರಿಟ್ಟರು.

ಆ ನ್ಯೂಟ್ರಾನ್‌ಗಳಿಂದ ಆದ ಕೆಲಸ ಒಂದೆರಡಲ್ಲ. ಮಾದರಿಯೊಂದನ್ನು ಅವುಗಳ ಮುಂದೆ ಇಟ್ಟು ಅದರಲ್ಲಿರುವ ಅತಿ ಸಣ್ಣ ಪ್ರಮಾಣದ ಧಾತುವನ್ನೂ ಪತ್ತೆ ಹಚ್ಚಿದರು. ಆಸ್ಪತ್ರೆಗೂ ಸಂಶೋಧನೆಗೂ ಬೇಕಾದ ಐಸೋಟೋಪ್‌ಗಳನ್ನು ತಯಾರಿಸಿದರು. ವಿಕಿರಣ ತಡೆಯುವ ಗೋಡೆ ಹೇಗಿರಬೇಕು ಅಂತ ಪರೀಕ್ಷಿಸಿದರು. ಲಂಡನ್ನಿನಲ್ಲಿ ಪಿಎಚ್‌ಡಿ ಮಾಡಿ ಊರಿಗೆ ಮರಳಿದ್ದ ನಮ್ಮ ತುಮಕೂರಿನ ರಾಜಾ ರಾಮಣ್ಣ ಅವರು ಪರಮಾಣು ವಿದಳನದ ಅಧ್ಯಯನ ನಡೆಸಿದ್ದೂ ಇಲ್ಲೇ.

ಕಥೆಗೆ ಇನ್ನೊಂದು ಮುಖವೂ ಇದೆ. ಕೆನಡಾದ ನೆರವಿನಿಂದ 1960ರಲ್ಲಿ ಶುರುವಾದ ಸೈರಸ್ ರಿಯಾಕ್ಟರಿನ ಪ್ಲುಟೋನಿಯಂ 1974ರ ಪೋಖ್ರಾನ್ ಸ್ಫೋಟಕ್ಕೆ ಬಳಕೆಯಾಯಿತು. ಶಾಂತಿಗಾಗಿ ಅಂತ ಕೊಟ್ಟಿದ್ದು ಹೀಗಾಯಿತಲ್ಲ ಅಂತ ಕೆನಡಾ ಸಹಕಾರ ನಿಲ್ಲಿಸಿತು. ಅದನ್ನು ನೋಡಲು ಭಾಭಾ ಇರಲಿಲ್ಲ. 1966ರ ಜನವರಿ 24ರಂದು, ವಿಯೆನ್ನಾಕ್ಕೆ ಹೊರಟಿದ್ದ ಅವರ ವಿಮಾನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. ಆಗ ಅವರಿಗೆ 56 ವರ್ಷ.

ಹಳೇ ಅಪ್ಸರಾ ಅರ್ಧ ಶತಮಾನ ದುಡಿದು ನಿಂತಿತು. ಅದೇ ಜಾಗದಲ್ಲಿ 2018ರ ಸೆಪ್ಟೆಂಬರ್‌ನಲ್ಲಿ 2 ಮೆಗಾವ್ಯಾಟ್‌ನ ಹೊಸ ಅಪ್ಸರಾ ಶುರುವಾಗಿದೆ. ಓದು ಮುಗಿದ ಮೇಲೆ ಊರಿಗೆ ಹೋಗೋದೋ, ಇಲ್ಲೇ ಇರೋದೋ ಅನ್ನೋ ಪ್ರಶ್ನೆ ನಮ್ಮ ಕೋಣೆಗಳಲ್ಲಿ ದಿನಾ ಬರುತ್ತೆ. ಭಾಭಾ ಅವರ ಬದುಕು ಅದಕ್ಕೆ ಸಿದ್ಧ ಉತ್ತರ ಕೊಡೋಲ್ಲ. ಆದರೆ ಹೋದರೆ ಏನು ಕಟ್ಟಬೇಕು, ಅದಕ್ಕೆ ಯಾರನ್ನು ಏನು ಕೇಳಬೇಕು ಅಂತ ಮೊದಲೇ ಯೋಚಿಸಿಟ್ಟುಕೊಳ್ಳೋದನ್ನು ನಾವು ಅವರಿಂದ ಕಲಿಯಬಹುದು.