ರಾಮಾನುಜನ್‌ಗೆ ಗಣಿತ ಸೂತ್ರಗಳು ಕನಸಿನಲ್ಲೇ ಸಿಕ್ಕಿದ್ದವೇ?

ಡಿಸೆಂಬರ್ 22 ರಾಷ್ಟ್ರೀಯ ಗಣಿತ ದಿನ. ಆ ದಿನ ಬಂತೆಂದರೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಒಂದು ಫಾರ್ವರ್ಡ್ ಹರಿದಾಡುತ್ತದೆ. ಶ್ರೀನಿವಾಸ ರಾಮಾನುಜನ್ ಎಲ್ಲ ಪರೀಕ್ಷೆಗಳಲ್ಲೂ ಫೇಲ್ ಆಗಿದ್ದರು, ಗಣಿತವನ್ನು ಓದಿ ಕಲಿತವರೇ ಅಲ್ಲ, ರಾತ್ರಿ ಕನಸಿನಲ್ಲಿ ನಾಮಗಿರಿ ದೇವಿ ಬಂದು ಸೂತ್ರ ಹೇಳುತ್ತಿದ್ದಳು, ಬೆಳಿಗ್ಗೆ ಎದ್ದು ಬರೆದಿಡುತ್ತಿದ್ದರು ಎಂಬುದು ಅದರ ತಿರುಳು. ಇದರಲ್ಲಿ ಎಷ್ಟು ನಿಜ?

ಸ್ವಲ್ಪ ನಿಜವಿದೆ. ನಾಮಕ್ಕಲ್‌ನ ನಾಮಗಿರಿ ತಾಯಾರ್ ಅವರ ಮನೆದೇವತೆ. ತಮ್ಮ ಗಣಿತ ಆಕೆಯ ಕೃಪೆ ಎಂದು ರಾಮಾನುಜನ್ ಅವರೇ ಗೆಳೆಯರಿಗೆ ಹೇಳುತ್ತಿದ್ದರು, ಕನಸಿನಲ್ಲಿ ಸೂತ್ರಗಳನ್ನು ಕಂಡದ್ದಾಗಿಯೂ ಹೇಳಿದ್ದರು. ಅವರ ನಂಬಿಕೆಯನ್ನು ನಾವಿಲ್ಲಿ ಪ್ರಶ್ನಿಸುತ್ತಿಲ್ಲ. ಆದರೆ ಫಾರ್ವರ್ಡ್ ಕನಸಿನ ಬಗ್ಗೆ ಮಾತ್ರ ಹೇಳುತ್ತದೆ. ಎಚ್ಚರವಿದ್ದಾಗ ಅವರು ಏನು ಮಾಡುತ್ತಿದ್ದರು ಎಂಬುದನ್ನು ಹೇಳುವುದಿಲ್ಲ.

ರಾಮಾನುಜನ್ ಹುಟ್ಟಿದ್ದು 1887ರಲ್ಲಿ, ಈರೋಡ್‌ನಲ್ಲಿ. ಬೆಳೆದದ್ದು ಕುಂಭಕೋಣಂನಲ್ಲಿ. ತಂದೆ ಸೀರೆ ಅಂಗಡಿಯಲ್ಲಿ ಗುಮಾಸ್ತ, ತಾಯಿ ದೇವಸ್ಥಾನದಲ್ಲಿ ಭಜನೆ ಹಾಡುತ್ತಿದ್ದರು. ಮನೆಯಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗರಿಗೆ ಗೊತ್ತಿದ್ದ ಗಣಿತವನ್ನೆಲ್ಲ ಬಾಲಕ ಬೇಗನೆ ಕಲಿತು ಮುಗಿಸಿದ. ಲೋನಿ ಎಂಬುವರು ಬರೆದ ತ್ರಿಕೋನಮಿತಿ ಪುಸ್ತಕವನ್ನು ಹೈಸ್ಕೂಲಿನಲ್ಲೇ ಅರಗಿಸಿಕೊಂಡ. ಶಾಲೆಯಲ್ಲಿ ಬಹುಮಾನ, ಕಾಲೇಜಿಗೆ ಸೇರುವಾಗ ವಿದ್ಯಾರ್ಥಿವೇತನ ಎರಡೂ ಸಿಕ್ಕವು. ಎಲ್ಲ ಪರೀಕ್ಷೆಗಳಲ್ಲೂ ಫೇಲ್ ಎಂಬ ಮಾತು ಇಲ್ಲೇ ಬಿದ್ದುಹೋಗುತ್ತದೆ.

ದಿಕ್ಕು ಬದಲಾದದ್ದು 1903ರ ಸುಮಾರಿಗೆ, ಕಾರ್ ಎಂಬ ಇಂಗ್ಲಿಷ್ ಟ್ಯೂಷನ್ ಮೇಷ್ಟ್ರ ದಪ್ಪ ಪುಸ್ತಕ ಕೈಗೆ ಬಂದಾಗ. ಪರೀಕ್ಷೆಗೆ ತಯಾರಾಗುವವರಿಗೆಂದು ಮಾಡಿದ ಒಂದು ರೀತಿಯ ಗೈಡ್ ಅದು. ಸುಮಾರು 5000 ಸೂತ್ರಗಳು ಸಾಲಾಗಿವೆ, ಆದರೆ ಹೆಚ್ಚಿನವಕ್ಕೆ ಪೂರ್ತಿ ಸಾಧನೆ, ಅಂದರೆ ಅದು ಹೇಗೆ ಬಂತು ಎಂಬ ವಿವರಣೆ, ಇಲ್ಲ. ಬೇರೆಯವರಿಗೆ ಇದು ಬಾಯಿಪಾಠದ ಪುಸ್ತಕ. ಈ ಹುಡುಗನಿಗೆ ಪ್ರತಿ ಸಾಲೂ ಒಂದು ಒಗಟು. ಒಂದೊಂದನ್ನೇ ತಾನಾಗಿ ಬಿಡಿಸುತ್ತ, ಅಲ್ಲಿಂದ ಹೊಸದಕ್ಕೆ ಹೋಗುತ್ತ, ಫಲಿತಾಂಶಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಡತೊಡಗಿದ.

ಕಾಗದ ದುಬಾರಿ. ಹಾಗಾಗಿ ಲೆಕ್ಕವೆಲ್ಲ ಸ್ಲೇಟಿನ ಮೇಲೆ ನಡೆಯುತ್ತಿತ್ತು. ಬಟ್ಟೆ ಹುಡುಕುವ ತಾಳ್ಮೆಯಿಲ್ಲದೆ ಮೊಣಕೈಯಿಂದಲೇ ಒರೆಸಿ ಮತ್ತೆ ಬರೆಯುತ್ತಿದ್ದರು. ನೋಟ್‌ಬುಕ್‌ಗೆ ಏರುತ್ತಿದ್ದದ್ದು ಕೊನೆಯ ಉತ್ತರ ಮಾತ್ರ. ನಮ್ಮ ಅಭಿಪ್ರಾಯದಲ್ಲಿ, ಸೂತ್ರಗಳು ಆಕಾಶದಿಂದ ಬಿದ್ದವು ಎಂಬ ಭಾವನೆ ಹುಟ್ಟಲು ಇದೂ ಒಂದು ಕಾರಣ. ಉತ್ತರ ನಮ್ಮ ಮುಂದಿದೆ, ಅಲ್ಲಿಗೆ ತಲುಪಿದ ದಾರಿ ಸ್ಲೇಟಿನಿಂದ ಅಳಿಸಿಹೋಗಿದೆ.

ಆ ದಾರಿಗೆ ಅವರು ಕೊಟ್ಟ ಬೆಲೆ ಸಣ್ಣದಲ್ಲ. ಗಣಿತ ಬಿಟ್ಟು ಬೇರೇನೂ ಓದದೆ ವಿದ್ಯಾರ್ಥಿವೇತನ ಕಳೆದುಕೊಂಡರು. 1905ರಲ್ಲಿ ಮನೆಯವರಿಗೆ ಹೇಳದೆ ವಿಶಾಖಪಟ್ಟಣಕ್ಕೆ ಹೋದರು. ಮದ್ರಾಸಿನ ಪಚ್ಚೈಯಪ್ಪ ಕಾಲೇಜಿಗೆ ಸೇರಿ ಅಲ್ಲೂ ಎಫ್.ಎ. ಪರೀಕ್ಷೆಯಲ್ಲಿ ಎರಡು ಸಲ ನಪಾಸಾದರು. ಪದವಿ ಇಲ್ಲ, ಕೆಲಸ ಇಲ್ಲ, 1909ರಲ್ಲಿ ಮದುವೆಯೂ ಆಯಿತು. ನೋಟ್‌ಬುಕ್ ಮಾತ್ರ ತುಂಬುತ್ತಲೇ ಇತ್ತು. ಫೇಲಾದರೂ ಜೀನಿಯಸ್ ಆಗಬಹುದು ಎಂದು ಫಾರ್ವರ್ಡ್ ಇದನ್ನು ಸಂಭ್ರಮಿಸುತ್ತದೆ. ಆದರೆ ಆ ವರ್ಷಗಳಲ್ಲಿ ಅವರ ಮನೆಯಲ್ಲಿ ಊಟಕ್ಕೂ ಕಷ್ಟವಿತ್ತು.

ಒಬ್ಬಂಟಿ ಪ್ರತಿಭೆ ಎಂಬ ಚಿತ್ರವೂ ಪೂರ್ತಿ ಸರಿಯಲ್ಲ. ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ತಮ್ಮ ಜೇಬಿನಿಂದ ತಿಂಗಳಿಗೆ 25 ರೂಪಾಯಿ ಕೊಟ್ಟರು. 1912ರಲ್ಲಿ ಮದ್ರಾಸ್ ಬಂದರಿನಲ್ಲಿ 30 ರೂಪಾಯಿಯ ಗುಮಾಸ್ತ ಕೆಲಸ ಸಿಕ್ಕಿತು. ಅಲ್ಲಿ ಮೇಲಧಿಕಾರಿಯಾಗಿದ್ದ ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರು. ರಾತ್ರಿ ಇಬ್ಬರೂ ಒಂದೊಂದು ಸ್ಲೇಟು ಹಿಡಿದು ಲೆಕ್ಕಕ್ಕೆ ಕೂರುತ್ತಿದ್ದರು. ಅರ್ಥವಾಗುವಂತೆ ಬಿಡಿಸಿ ಬರೆಯಬೇಕೆಂದು ಅಯ್ಯರ್ ಒತ್ತಾಯಿಸುತ್ತಿದ್ದರು.

ನಮ್ಮ ಬೆಂಗಳೂರಿಗೂ ಇದರಲ್ಲಿ ಒಂದು ಪಾತ್ರವಿದೆ. ರಾಮಾನುಜನ್ ಅವರ ಮೊದಲ ಲೇಖನ 1911ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಬಂತು. ಅದರ ಸಂಪಾದಕರು ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಎಂ.ಟಿ. ನಾರಾಯಣ ಅಯ್ಯಂಗಾರ್. ವಿಷಯ ಹೊಸದು, ಬರವಣಿಗೆ ಸ್ಪಷ್ಟವಿಲ್ಲ ಎಂದು ಲೇಖನವನ್ನು ಮತ್ತೆ ಮತ್ತೆ ತಿದ್ದಿಸಿದರು. ಕನಸಿನ ಕಥೆಯಲ್ಲಿ ಇಂಥ ಸಂಪಾದಕರಿಗೆ ಜಾಗವೇ ಇಲ್ಲ.

1913ರ ಜನವರಿಯಲ್ಲಿ ಕೇಂಬ್ರಿಡ್ಜ್‌ನ ಹಾರ್ಡಿಗೆ ಬರೆದ ಪತ್ರ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು, ಆ ಪತ್ರದಲ್ಲಿ ತಪ್ಪುಗಳೂ ಇದ್ದವು ಎಂಬುದು. ಒಂದು ಸಂಖ್ಯೆಯೊಳಗೆ ಎಷ್ಟು ಅವಿಭಾಜ್ಯ ಸಂಖ್ಯೆಗಳಿವೆ ಎಂದು ಹೇಳಲು ಅವರು ಕೊಟ್ಟ ಸೂತ್ರ ಅವರು ನಂಬಿದ್ದಷ್ಟು ನಿಖರವಾಗಿರಲಿಲ್ಲ. ಕೆಲವು ಫಲಿತಾಂಶಗಳು ಯುರೋಪಿನಲ್ಲಿ ಆಗಲೇ ಗೊತ್ತಿದ್ದವು. ಉಳಿದವು ಎಷ್ಟು ಹೊಸದಾಗಿದ್ದವೆಂದರೆ ಹಾರ್ಡಿ ಅವರನ್ನು ಕರೆಸಿಕೊಂಡರು. 1914ರಲ್ಲಿ ಹಡಗು ಹತ್ತಿದ ರಾಮಾನುಜನ್, 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು.

ಹಾಗಾದರೆ ಕನಸು ಸುಳ್ಳೇ? ಹಾಗೆ ಹೇಳಬೇಕಿಲ್ಲ. ದಿನವಿಡೀ ಕಾಡಿದ ಸಮಸ್ಯೆಯನ್ನು ಮಿದುಳು ನಿದ್ದೆಯಲ್ಲೂ ಪೂರ್ತಿ ಕೈಬಿಡುವುದಿಲ್ಲ. 2004ರಲ್ಲಿ ಜರ್ಮನಿಯ ವಿಜ್ಞಾನಿಗಳು ಗುಪ್ತ ನಿಯಮವೊಂದು ಅಡಗಿದ್ದ ಅಂಕಿಗಳ ಲೆಕ್ಕವನ್ನು ಕೆಲವರಿಗೆ ಕೊಟ್ಟರು. ಸ್ವಲ್ಪ ಅಭ್ಯಾಸ ಮಾಡಿ ರಾತ್ರಿ ಮಲಗಿದವರಲ್ಲಿ ಆ ನಿಯಮ ಹೊಳೆದವರ ಪ್ರಮಾಣ, ಎಚ್ಚರವಿದ್ದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಆದರೆ ಅಭ್ಯಾಸವೇ ಇಲ್ಲದೆ ಮಲಗಿ ಎದ್ದು ಬಂದವರಿಗೆ ನಿದ್ದೆಯಿಂದ ಈ ಲಾಭ ಸಿಗಲಿಲ್ಲ. ರಾಮಾನುಜನ್ ವಿವರಿಸಿದ ಒಂದು ಕನಸಿನಲ್ಲಿ ಕೈಯೊಂದು ದೀರ್ಘವೃತ್ತೀಯ ಸಮಾಕಲಗಳನ್ನು ಬರೆಯುತ್ತದೆ. ಅವರ ನೋಟ್‌ಬುಕ್‌ಗಳಲ್ಲಿ ಪುಟಗಟ್ಟಲೆ ಇರುವುದೂ ಅದೇ ಬಗೆಯ ಗಣಿತ.

ಇಷ್ಟು ಶ್ರಮಪಟ್ಟರೆ ಯಾರು ಬೇಕಾದರೂ ರಾಮಾನುಜನ್ ಆಗಬಹುದೇ? ಇಲ್ಲ. ಹಾಗೆ ಹೇಳುವ ಮೋಟಿವೇಶನ್ ವಿಡಿಯೊಗಳನ್ನೂ ನಂಬಬೇಡಿ. ಅದೇ ಕಾರ್ ಪುಸ್ತಕವನ್ನು ಎಷ್ಟೋ ವಿದ್ಯಾರ್ಥಿಗಳು ಓದಿದ್ದರು. ಹುಟ್ಟಿನಿಂದ ಬಂದ ಸಾಮರ್ಥ್ಯ, ಹುಚ್ಚಿನಂಥ ಆಸಕ್ತಿ, ಸರಿಯಾದ ವಯಸ್ಸಿನಲ್ಲಿ ಸಿಕ್ಕ ವಿಚಿತ್ರ ಪುಸ್ತಕ, ಕೈಹಿಡಿದ ಕೆಲವರು ಎಲ್ಲ ಒಟ್ಟಿಗೆ ಸೇರಿದವು. ಯಾವುದರ ಪಾಲು ಎಷ್ಟೆಂದು ಅಳೆಯುವ ತಕ್ಕಡಿ ಮನಶ್ಶಾಸ್ತ್ರದ ಬಳಿಯೂ ಇಲ್ಲ.

ಇಂಗ್ಲೆಂಡಿನ ಚಳಿ, ಯುದ್ಧಕಾಲದಲ್ಲಿ ಸರಿಯಾಗಿ ಸಿಗದ ಸಸ್ಯಾಹಾರ, ಒಂಟಿತನ ಸೇರಿ ಆರೋಗ್ಯ ಕೆಟ್ಟಿತು. 1919ರಲ್ಲಿ ಊರಿಗೆ ಮರಳಿ, 1920ರ ಏಪ್ರಿಲ್ 26ರಂದು 32ನೇ ವಯಸ್ಸಿನಲ್ಲಿ ತೀರಿಕೊಂಡರು. ಆಗ ಕ್ಷಯ ಎಂದು ಚಿಕಿತ್ಸೆ ಕೊಟ್ಟಿದ್ದರು. 1994ರಲ್ಲಿ ಹಳೆಯ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರೊಬ್ಬರು, ಅದು ಯಕೃತ್ತಿಗೆ ತಗುಲಿದ ಅಮೀಬಾ ಸೋಂಕು ಇದ್ದಿರಬಹುದು, ಗುರುತಿಸಿದ್ದರೆ ಆ ಕಾಲದಲ್ಲೂ ಮದ್ದಿತ್ತು ಎಂದು ವಾದಿಸಿದರು.

ಹಾಸಿಗೆ ಹಿಡಿದ ಆ ಕೊನೆಯ ವರ್ಷದಲ್ಲೂ ಅವರು ಲೆಕ್ಕ ಬಿಡಲಿಲ್ಲ. ಪತ್ನಿ ಜಾನಕಿ ಅಮ್ಮಾಳ್ ಅವರ ಆರೈಕೆ ಮಾಡುತ್ತಿದ್ದರು. ಆಗ ಬರೆದ ಬಿಡಿ ಹಾಳೆಗಳು ಇಂಗ್ಲೆಂಡಿಗೆ ಹೋಗಿ ಕೇಂಬ್ರಿಡ್ಜ್‌ನ ಗ್ರಂಥಾಲಯದಲ್ಲಿ ಮರೆತುಹೋಗಿದ್ದವು. 1976ರಲ್ಲಿ ಅಮೆರಿಕದ ಜಾರ್ಜ್ ಆಂಡ್ರ್ಯೂಸ್ ಕಣ್ಣಿಗೆ ಬಿದ್ದವು. 100ಕ್ಕೂ ಹೆಚ್ಚು ಪುಟ, 600ರಷ್ಟು ಸೂತ್ರ. ಅಲ್ಲೂ ಸಾಧನೆಗಳು ಇರಲಿಲ್ಲ. ಅವನ್ನು ಒಂದೊಂದಾಗಿ ಸಾಧಿಸಿ ತೋರಿಸಲು ಗಣಿತಜ್ಞರಿಗೆ ದಶಕಗಳೇ ಹಿಡಿದವು.