ತ್ರಿವೇಣಿ: ಹರೆಯದ ಓದು ಮತ್ತು ಲಘು ಕಾದಂಬರಿಯ ಪ್ರಶ್ನೆ

ಕನ್ನಡದಲ್ಲಿ ಕಾದಂಬರಿ ಪ್ರಕಾರ ನೆಲೆಗೊಂಡ ದಿನಗಳಿಂದಲೂ ಅದರ ಓದುಗರನ್ನು ಕುರಿತ ಒಂದು ಆತಂಕ ಅದರ ಜೊತೆಗೇ ನಡೆದುಬಂದಿದೆ. ಬಿ. ವೆಂಕಟಾಚಾರ್ಯರು (1845–1914) ಬಂಗಾಳಿಯಿಂದ ತಂದುಕೊಟ್ಟ ಕಥೆಗಳು ಕನ್ನಡಕ್ಕೆ ಹೊಸ ಓದುಗವರ್ಗವೊಂದನ್ನು ಸೃಷ್ಟಿಸಿದವು. ಆ ವರ್ಗದಲ್ಲಿ ಹೆಣ್ಣುಮಕ್ಕಳು ಹೆಚ್ಚಿದಂತೆಲ್ಲ, ಕಾದಂಬರಿ ಓದುವ ಹುಡುಗಿ ಮನೆಗೆಲಸ ಮರೆಯುತ್ತಾಳೆ, ಇಲ್ಲದ ಕನಸು ಕಟ್ಟುತ್ತಾಳೆ ಎಂಬ ದೂರೂ ಬೆಳೆಯಿತು. ಇಪ್ಪತ್ತನೆಯ ಶತಮಾನದ ನಡುಗಾಲಕ್ಕೆ ಬರುವ ಹೊತ್ತಿಗೆ ಈ ದೂರು ವಿಮರ್ಶೆಯ ಪರಿಭಾಷೆಯೊಳಗೂ ಪ್ರವೇಶಿಸಿ, ಹರೆಯದವರು ಓದುವ ಪ್ರೇಮಕಾದಂಬರಿಯನ್ನು ಲಘು ಸಾಹಿತ್ಯ ಎಂದೂ ಮಹಿಳೆಯರ ಬರವಣಿಗೆಯನ್ನು ಅಡುಗೆಮನೆಯ ಸಾಹಿತ್ಯ ಎಂದೂ ವಿಂಗಡಿಸುವ ರೂಢಿ ಬಂದಿತು. ಈ ವಿಂಗಡಣೆಯ ಭಾರವನ್ನು ಹೆಚ್ಚು ಹೊತ್ತವರಲ್ಲಿ ತ್ರಿವೇಣಿಯವರು ಪ್ರಮುಖರು. ಅವರ ಬದುಕನ್ನೂ ಬರವಣಿಗೆಯನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಲಘು ಎಂಬ ವಿಶೇಷಣ ಆ ಕಾದಂಬರಿಗಳ ಓದಿನ ಸರಾಗತೆಗೆ ಒಪ್ಪುತ್ತದೆಯೇ ಹೊರತು ಅವುಗಳ ವಸ್ತುವಿಗೆ ಒಪ್ಪುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

1. ಮನೆತನ ಮತ್ತು ಶಿಕ್ಷಣ

ತ್ರಿವೇಣಿಯವರು 1928ರ ಸೆಪ್ಟೆಂಬರ್ 1ರಂದು ಮಂಡ್ಯದಲ್ಲಿ ಜನಿಸಿದರು. ತಂದೆ ಬಿ.ಎಂ. ಕೃಷ್ಣಸ್ವಾಮಿ, ತಾಯಿ ತಂಗಮ್ಮ. ಹುಟ್ಟಿದಾಗ ಇಟ್ಟ ಹೆಸರು ಭಾಗೀರಥಿ, ಶಾಲೆಯ ಹೆಸರು ಅನಸೂಯ, ಮದುವೆಯ ನಂತರ ಅನಸೂಯಾ ಶಂಕರ, ಸಾಹಿತ್ಯಲೋಕದಲ್ಲಿ ತ್ರಿವೇಣಿ. ಒಂದು ನದಿಯ ಹೆಸರಿನಿಂದ ಆರಂಭವಾಗಿ ನದಿಗಳ ಸಂಗಮದ ಹೆಸರಿನಲ್ಲಿ ನಿಂತ ಈ ನಾಮಾವಳಿಯಲ್ಲಿ ಓದುಗರು ಉಳಿಸಿಕೊಂಡದ್ದು ಕೊನೆಯದನ್ನು ಮಾತ್ರ.

ಅವರ ಮನೆತನದಲ್ಲಿ ಸಾಹಿತ್ಯ ಹೊರಗಿನಿಂದ ಬಂದ ವಸ್ತುವಾಗಿರಲಿಲ್ಲ. ‘ಇಂಗ್ಲಿಷ್ ಗೀತಗಳು’ ಕೃತಿಯ ಮೂಲಕ ಹೊಸಗನ್ನಡ ಕಾವ್ಯಕ್ಕೆ ದಿಕ್ಕು ತೋರಿದ ಬಿ.ಎಂ. ಶ್ರೀಕಂಠಯ್ಯನವರು ಅವರ ದೊಡ್ಡಪ್ಪ. ಕಾದಂಬರಿಗಾರ್ತಿ ವಾಣಿಯವರು ಬಂಧು. ತಂಗಿ ಆರ್ಯಾಂಬ ಪಟ್ಟಾಭಿಯವರೂ ಮುಂದೆ ಲೇಖಕಿಯಾಗಿ ಹೆಸರಾದರು. ಆದರೆ ಬಿ.ಎಂ.ಶ್ರೀ ಅವರ ಮೂಲಕ ಆ ಮನೆತನಕ್ಕೆ ದಕ್ಕಿದ್ದ ಸಾಹಿತ್ಯಕ ಗೌರವ ಕಾವ್ಯ ಮತ್ತು ಪಾಂಡಿತ್ಯಗಳದು. ಅದೇ ಮನೆಯ ಹೆಣ್ಣುಮಕ್ಕಳು ಹಿಡಿದ ಪ್ರಕಾರ, ಪಾಂಡಿತ್ಯದ ಪ್ರಮಾಣಪತ್ರವಿಲ್ಲದೆ ಯಾರು ಬೇಕಾದರೂ ಓದಬಹುದಾದ ಕಾದಂಬರಿಯದು. ಒಂದೇ ಮನೆತನದೊಳಗೆ ಕಾಣುವ ಈ ಕವಲು ಆ ಕಾಲದ ಕನ್ನಡ ಸಾಹಿತ್ಯದ ಕವಲೂ ಹೌದು.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರು ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿ ಬಿ.ಎ. ಪದವಿ ಪಡೆದರು. ಈ ಸಂಗತಿ ಅವರ ಜೀವನಚರಿತ್ರೆಯ ಒಂದು ಸಾಲಿನ ವಿವರವಾಗಿ ಮಾತ್ರ ಉಳಿಯಬಾರದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ 1924ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಆರಂಭವಾಗಿತ್ತು. ಭಾರತದಲ್ಲಿ ಈ ಶಾಸ್ತ್ರವನ್ನು ಕಲಿಸಲು ತೊಡಗಿದ ಮೊದಮೊದಲ ಕೇಂದ್ರಗಳಲ್ಲಿ ಅದೂ ಒಂದು. ಮನಸ್ಸಿನ ಕಾಯಿಲೆಯನ್ನು ಗ್ರಹಚಾರವೆಂದೋ ಗಾಳಿ ಸೋಕಿತೆಂದೋ ತಿಳಿಯುತ್ತಿದ್ದ ಸಮಾಜದಲ್ಲಿ, ಅದನ್ನು ಕಾರಣ ಮತ್ತು ಚಿಕಿತ್ಸೆಗಳಿರುವ ಒಂದು ಸ್ಥಿತಿಯೆಂದು ನೋಡುವ ದೃಷ್ಟಿ ಅವರಿಗೆ ತರಗತಿಯಲ್ಲಿ ದೊರೆಯಿತು. ಆ ದೃಷ್ಟಿಯನ್ನು ಅವರು ಪಠ್ಯಪುಸ್ತಕದ ರೂಪದಲ್ಲಿ ಬರೆಯದೆ ಕಥೆಯ ರೂಪದಲ್ಲಿ ಬರೆದರು.

2. ಹತ್ತು ವರ್ಷಗಳ ಬರವಣಿಗೆ

ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ವಿವಾಹವಾಗಿ ಮೈಸೂರಿನಲ್ಲಿ ನೆಲೆಸಿದ ತ್ರಿವೇಣಿಯವರ ಮೊದಲ ಕಾದಂಬರಿ ‘ಅಪಸ್ವರ’ 1953ರಲ್ಲಿ ಪ್ರಕಟವಾಯಿತು. ಅದರ ಮುಂದುವರಿಕೆ ‘ಅಪಜಯ’. ಅಲ್ಲಿಂದ 1963ರವರೆಗಿನ ಒಂದು ದಶಕದ ಅವಧಿಯಲ್ಲಿ ಇಪ್ಪತ್ತರಷ್ಟು ಕಾದಂಬರಿಗಳು ಮತ್ತು ಮೂರು ಕಥಾಸಂಕಲನಗಳು ಅವರಿಂದ ಹೊರಬಂದವು. ‘ಸೋತು ಗೆದ್ದವಳು’, ‘ಕೀಲುಗೊಂಬೆ’, ‘ಹೂವು ಹಣ್ಣು’, ‘ಬೆಕ್ಕಿನ ಕಣ್ಣು’, ‘ಮುಚ್ಚಿದ ಬಾಗಿಲು’, ‘ಬೆಳ್ಳಿಮೋಡ’, ‘ದೂರದ ಬೆಟ್ಟ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’ ಮುಂತಾದವು ಈ ಅವಧಿಯ ಕೃತಿಗಳು. ‘ಅವಳ ಮನೆ’ ಕಾದಂಬರಿಗೆ 1960ರಲ್ಲಿ ರಾಜ್ಯ ಸರ್ಕಾರದ ಪ್ರಶಸ್ತಿ ದೊರೆಯಿತು. ‘ಸಮಸ್ಯೆಯ ಮಗು’ ಕಥಾಸಂಕಲನಕ್ಕೆ ದೇವರಾಜ ಬಹದ್ದೂರ್ ಬಹುಮಾನ ಬಂದಿತು.

ವರ್ಷಕ್ಕೆ ಸರಾಸರಿ ಎರಡು ಕಾದಂಬರಿಗಳ ಈ ವೇಗವೇ ವಿಮರ್ಶಕರ ಶಂಕೆಗೆ ಒಂದು ಕಾರಣವಾಯಿತು. ಆ ದಶಕ ನವ್ಯವು ಕನ್ನಡದಲ್ಲಿ ಬೇರುಬಿಡುತ್ತಿದ್ದ ಕಾಲ. ಭಾಷೆಯ ಬಿಗಿ, ಸಂಕೇತಗಳ ಸಾಂದ್ರತೆ, ವ್ಯಕ್ತಿಯ ಒಳತೋಟಿ ಇವು ಮೌಲ್ಯದ ಅಳತೆಗೋಲುಗಳಾಗಿದ್ದವು. ವಿರೋಧಾಭಾಸವೆಂದರೆ ವ್ಯಕ್ತಿಯ ಒಳತೋಟಿಯನ್ನೇ ವಸ್ತುವಾಗಿಸಿಕೊಂಡ ತ್ರಿವೇಣಿಯವರು ಆ ಚರ್ಚೆಯ ಅಂಚಿನಲ್ಲೇ ಉಳಿದದ್ದು. ಗಂಡಿನ ಏಕಾಕಿತನ ತಾತ್ತ್ವಿಕ ಸಮಸ್ಯೆಯಾಗಿ ತೋರಿದ ಕಡೆ ಹೆಣ್ಣಿನ ಮನೋವ್ಯಥೆ ಸಂಸಾರದ ಗೋಳಾಗಿ ಮಾತ್ರ ತೋರಿತು. ಅವರ ಭಾಷೆಯ ಸರಳತೆಯನ್ನು ವಿಚಾರದ ತೆಳುತನವೆಂದು ತಿಳಿದದ್ದೂ ಈ ತಪ್ಪು ಗ್ರಹಿಕೆಗೆ ನೆರವಾಯಿತು.

3. ಪ್ರೇಮಕಥೆಯ ಚೌಕಟ್ಟು

ತ್ರಿವೇಣಿಯವರು ಪ್ರೇಮಕಾದಂಬರಿಯ ಸಿದ್ಧ ಚೌಕಟ್ಟನ್ನು ನಿರಾಕರಿಸಲಿಲ್ಲ. ಚೆಲುವೆಯಾದ ನಾಯಕಿ, ವಿದ್ಯಾವಂತ ತರುಣ, ಭೇಟಿ, ಒಲವು, ಮದುವೆಯ ನಿರೀಕ್ಷೆ ಇವೆಲ್ಲ ಅಲ್ಲಿವೆ. ಹರೆಯದ ಓದುಗರನ್ನು ಒಳಗೆ ಕರೆದದ್ದು ಇವೇ. ಆದರೆ ಒಳಗೆ ಬಂದವರಿಗೆ ಅವರು ತೋರಿಸಿದ್ದು ಬೇರೆ. ‘ಬೆಳ್ಳಿಮೋಡ’ ಇದಕ್ಕೆ ಉತ್ತಮ ನಿದರ್ಶನ. ತೋಟದ ಒಡೆಯನ ಏಕೈಕ ಪುತ್ರಿ ಇಂದಿರೆಯನ್ನು ವರಿಸಲು ಒಪ್ಪಿದ ತರುಣ, ಆಕೆಗೆ ತಮ್ಮನೊಬ್ಬ ಹುಟ್ಟಿ ಆಸ್ತಿಯ ಆಸೆ ಕೈತಪ್ಪಿದೊಡನೆ ಹಿಂಜರಿಯುತ್ತಾನೆ. ಮುಂದೆ ಅವನು ಅಪಘಾತಕ್ಕೆ ಸಿಕ್ಕಾಗ ಇಂದಿರೆ ಶುಶ್ರೂಷೆ ಮಾಡುತ್ತಾಳೆ. ಅವನಲ್ಲಿ ಪಶ್ಚಾತ್ತಾಪ ಮೂಡುತ್ತದೆ. ರೂಢಿಯ ಪ್ರೇಮಕಥೆ ಇಲ್ಲಿ ಮದುವೆಯಲ್ಲಿ ಮುಗಿಯಬೇಕು. ತ್ರಿವೇಣಿಯವರ ನಾಯಕಿ ಅವನನ್ನು ನಿರಾಕರಿಸುತ್ತಾಳೆ. ಶುಶ್ರೂಷೆ ಮಾಡಿದ ಮಾತ್ರಕ್ಕೆ ಕ್ಷಮೆಯೂ, ಕ್ಷಮಿಸಿದ ಮಾತ್ರಕ್ಕೆ ವಿವಾಹವೂ ಆಗಬೇಕಿಲ್ಲ ಎಂಬ ತೀರ್ಮಾನ ಅಲ್ಲಿದೆ. ಒಲವಿನ ಲೆಕ್ಕದಲ್ಲಿ ಆಸ್ತಿಯ ಪಾಲೆಷ್ಟು ಎಂಬ ಪ್ರಶ್ನೆಯನ್ನು, ಮದುವೆಗೆ ಕಾದಿರುವ ಓದುಗಳ ಮುಂದೆ ಇಷ್ಟು ನೇರವಾಗಿ ಇಟ್ಟ ಕೃತಿಗಳು ಆ ಕಾಲದಲ್ಲಿ ವಿರಳ.

‘ಶರಪಂಜರ’ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಕಾವೇರಿ ಮೆಚ್ಚಿ ಮದುವೆಯಾದವಳು. ಪ್ರೇಮಕಥೆ ಮುಗಿಯುವ ಸ್ಥಳದಿಂದ ಅವಳ ಕಥೆ ಆರಂಭವಾಗುತ್ತದೆ. ಹೆರಿಗೆಯ ನಂತರ ಅವಳ ಮನಸ್ಸು ಕದಡುತ್ತದೆ. ಆಸ್ಪತ್ರೆಯ ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಮರಳುತ್ತಾಳೆ. ಅವಳನ್ನು ಮತ್ತೆ ಮುರಿಯುವುದು ಕಾಯಿಲೆಯಲ್ಲ, ಗುಣವಾದವಳನ್ನು ಗುಣವಾದವಳೆಂದು ನಂಬದ ನೆರೆಹೊರೆ ಮತ್ತು ಗಂಡನ ದ್ರೋಹ. ಮನೋರೋಗಿಯ ಆರೋಗ್ಯ ವೈದ್ಯರ ಕೈಯಲ್ಲಿ ಎಷ್ಟಿದೆಯೋ ಮನೆಯವರ ಕೈಯಲ್ಲಿಯೂ ಅಷ್ಟೇ ಇದೆ ಎಂಬುದು ಕಾದಂಬರಿಯ ತಿರುಳು. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಗೊಂಡದ್ದು 1954ರಲ್ಲಿ. ಅದು ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆದದ್ದು 1974ರಲ್ಲಿ. ಈ ಎರಡು ಘಟ್ಟಗಳ ನಡುವೆ, ಹೆರಿಗೆಯ ನಂತರದ ಮನೋವಿಕಾರ ಎಂಬುದೊಂದಿದೆ, ಅದು ವಾಸಿಯಾಗುತ್ತದೆ ಎಂಬ ತಿಳಿವಳಿಕೆಯನ್ನು ಕನ್ನಡದ ಮನೆಗಳಿಗೆ ಮುಟ್ಟಿಸಿದ ಬರಹಗಳಲ್ಲಿ ಈ ಕಾದಂಬರಿಗೆ ಪ್ರಮುಖ ಸ್ಥಾನವಿದೆ.

‘ಬೆಕ್ಕಿನ ಕಣ್ಣು’ ಮಲತಾಯಿಯ ಕಿರುಕುಳಕ್ಕೆ ಸಿಕ್ಕ ಹುಡುಗಿಯ ಮನಸ್ಸನ್ನೂ, ‘ಹಣ್ಣೆಲೆ ಚಿಗುರಿದಾಗ’ ವಿಧವೆಯ ಮರುಮದುವೆಯನ್ನೂ, ‘ಹೂವು ಹಣ್ಣು’ ಬಡತನ ಹೆಣ್ಣನ್ನು ಬೀದಿಗೆ ತಳ್ಳುವ ಬಗೆಯನ್ನೂ ಕೈಗೆತ್ತಿಕೊಳ್ಳುತ್ತವೆ. ಇವುಗಳಿಗೆ ಮಿತಿಗಳೂ ಇವೆ. ಪಾತ್ರಗಳ ಲೋಕ ಬಹುಮಟ್ಟಿಗೆ ಹಳೆಯ ಮೈಸೂರಿನ ಮೇಲುಜಾತಿಯ ಮಧ್ಯಮವರ್ಗದ್ದು. ಕೆಲವೆಡೆ ಮನಶ್ಶಾಸ್ತ್ರದ ವಿವರಣೆ ಕಥೆಯ ಮೇಲೆ ಹೊರಿಸಿದಂತೆ ಕಾಣುತ್ತದೆ. ಆದರೆ ಈ ಮಿತಿಗಳನ್ನು ಗುರುತಿಸುವುದು ಬೇರೆ, ಕೃತಿಗಳನ್ನು ಓದದೆಯೇ ಬದಿಗಿಡುವುದು ಬೇರೆ.

4. ಓದಿದವರು ಯಾರು?

ಬರೆದವರ ಜೀವನದಷ್ಟೇ ಓದಿದವರ ಸ್ಥಿತಿಯೂ ಇಲ್ಲಿ ವಿಚಾರಣೀಯ. 1951ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಕ್ಷರ ಬಲ್ಲ ಹೆಣ್ಣುಮಕ್ಕಳು ನೂರಕ್ಕೆ ಒಂಬತ್ತಕ್ಕಿಂತ ಕಡಿಮೆ. ಹೀಗಾಗಿ ತ್ರಿವೇಣಿಯವರ ಓದುಗವರ್ಗ ಹಿರಿದಾಗಿತ್ತೆಂದರೂ ಅದು ಅಕ್ಷರಸ್ಥರ ಸಣ್ಣ ವಲಯದೊಳಗಿನ ಹಿರಿಮೆ. ಆ ವಲಯ ಮೈಸೂರು, ಬೆಂಗಳೂರುಗಳಿಗೆ ಸೀಮಿತವಾದುದಲ್ಲ. ಮಧ್ಯ ಕರ್ನಾಟಕದ ತಾಲ್ಲೂಕು ಕೇಂದ್ರಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಆಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನ ಒಂದು ಊರಾಗಿತ್ತು. ಇವೆಲ್ಲ ದಾವಣಗೆರೆ ಜಿಲ್ಲೆಯ ಪರಿಧಿಗೆ ಬಂದದ್ದು 1997ರಲ್ಲಿ. ಇಂಥ ಊರುಗಳ ಹುಡುಗಿಗೆ ಕಾಲೇಜೆಂದರೆ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗಗಳ ಕಡೆಗೆ ನೋಡಬೇಕಿದ್ದ ಕಾಲ ಅದು. ಶಾಲೆ ಮುಗಿಯುವುದಕ್ಕೂ ಮದುವೆ ನಿಶ್ಚಯವಾಗುವುದಕ್ಕೂ ನಡುವಿನ ಮನೆವಾಸದ ವರ್ಷಗಳಲ್ಲಿ ಹೊರಲೋಕ ಒಳಬರುತ್ತಿದ್ದ ದಾರಿಗಳು ಕೆಲವೇ: ವಾರಪತ್ರಿಕೆ, ರೇಡಿಯೊ, ಕೈಯಿಂದ ಕೈಗೆ ದಾಟಿ ಬರುವ ಕಾದಂಬರಿ. ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದದ್ದು 1965ರಲ್ಲಿ, ಅಂದರೆ ತ್ರಿವೇಣಿಯವರು ತೀರಿಕೊಂಡು ಎರಡು ವರ್ಷಗಳ ಬಳಿಕ.

ಈ ಹಿನ್ನೆಲೆಯಲ್ಲಿ ಹರೆಯದ ಓದನ್ನು ಕಾಲಹರಣವೆಂದು ಕರೆಯುವುದು ಸಾಧುವಲ್ಲ. ಮೈಸೂರಿನ ತರಗತಿಯಲ್ಲಿ ತ್ರಿವೇಣಿಯವರಿಗೆ ಸಿಕ್ಕ ತಿಳಿವಳಿಕೆ, ಕಾಲೇಜಿನ ಮೆಟ್ಟಿಲು ಹತ್ತಲಾಗದ ಹುಡುಗಿಯನ್ನು ತಲುಪಲು ಇದ್ದ ವಾಹಕ ಪ್ರೇಮಕಾದಂಬರಿಯೇ. ಮನೆಯ ಹಿರಿಯರು ಗಂಭೀರ ಗ್ರಂಥವೆಂದು ಭಾವಿಸಿ ಪರಿಶೀಲಿಸುವ ಗೋಜಿಗೆ ಹೋಗದ ಪುಸ್ತಕವಾದ್ದರಿಂದಲೇ, ಮನೆಯಲ್ಲಿ ಬಾಯಿಬಿಟ್ಟು ಆಡಲಾಗದ ವಿಷಯಗಳು ಅದರೊಳಗೆ ಸುರಕ್ಷಿತವಾಗಿ ಪಯಣಿಸಬಹುದಿತ್ತು. ಲಘುತ್ವ ಇಲ್ಲಿ ದೋಷವಲ್ಲ, ರಹದಾರಿ. ವೈದ್ಯೆಯಾಗಿದ್ದ ಅನುಪಮಾ ನಿರಂಜನರು ಮುಂದೆ ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ಗಳಲ್ಲಿ ಹೆಣ್ಣಿನ ದೇಹದ ಬಗ್ಗೆ ನೇರವಾಗಿ ಬರೆದರು. ಅಂಥ ಬರಹವನ್ನು ಸ್ವೀಕರಿಸುವ ಓದುಗವರ್ಗವನ್ನು ಕಾದಂಬರಿ ಆ ಮೊದಲೇ ಸಿದ್ಧಗೊಳಿಸಿತ್ತು.

5. ಮರಣ ಮತ್ತು ನಂತರ

1963ರ ಜುಲೈ ತಿಂಗಳಿನಲ್ಲಿ ತ್ರಿವೇಣಿಯವರು ಹೆಣ್ಣುಮಗುವಿಗೆ ಜನ್ಮ ನೀಡಿದರು. ಹೆರಿಗೆಯಾದ ಕೆಲವೇ ದಿನಗಳಲ್ಲಿ, ಜುಲೈ 29ರಂದು, ಅವರು ನಿಧನರಾದರು. ಮೂವತ್ತೈದು ತುಂಬಲು ಇನ್ನೂ ಒಂದು ತಿಂಗಳಿತ್ತು. ಬಾಣಂತಿಯ ಮನಸ್ಸು ಎಷ್ಟು ನಾಜೂಕಾದ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ನಾಡಿಗೆ ಕಥೆಯಾಗಿ ಹೇಳಿದವರು, ಬಾಣಂತಿಯ ದೇಹಕ್ಕೆ ಆ ಕಾಲದಲ್ಲಿ ಒದಗುತ್ತಿದ್ದ ಅಪಾಯಕ್ಕೆ ತಾವೇ ತುತ್ತಾದರು. ಅಪೂರ್ಣವಾಗಿ ಉಳಿದಿದ್ದ ‘ಅವಳ ಮಗಳು’ ಕಾದಂಬರಿಯನ್ನು ಎಂ.ಸಿ. ಪದ್ಮಾ ಅವರು ಪೂರ್ಣಗೊಳಿಸಿದರು.

ಅವರ ಓದು ಅಲ್ಲಿಗೆ ನಿಲ್ಲಲಿಲ್ಲ. ‘ಬೆಕ್ಕಿನ ಕಣ್ಣು’ 1966ರಲ್ಲಿ ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ ಮಲಯಾಳಂ ಚಿತ್ರವಾಯಿತು. ಅವರೇ 1967ರಲ್ಲಿ ‘ಬೆಳ್ಳಿಮೋಡ’ವನ್ನೂ 1971ರಲ್ಲಿ ‘ಶರಪಂಜರ’ವನ್ನೂ ತೆರೆಗೆ ತಂದರು. ಎರಡರಲ್ಲಿಯೂ ನಾಯಕಿ ಕಲ್ಪನಾ. 1968ರಲ್ಲಿ ‘ಹಣ್ಣೆಲೆ ಚಿಗುರಿದಾಗ’, 1993ರಲ್ಲಿ ‘ಹೂವು ಹಣ್ಣು’ ಚಿತ್ರಗಳಾದವು. ಓದು ಬಾರದವರಿಗೂ ಅವರ ಕಥೆಗಳು ಈ ಮೂಲಕ ತಲುಪಿದವು. ಆದರೆ ಚಲನಚಿತ್ರಗಳ ಖ್ಯಾತಿ ಮೂಲ ಕೃತಿಗಳಿಗೆ ಜನಪ್ರಿಯತೆಯ ಮುದ್ರೆಯನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿತು. ಹಲವರಿಗೆ ಕಾವೇರಿ ಎಂದರೆ ನಟಿಯ ಮುಖವೇ ಹೊರತು ಲೇಖಕಿಯ ಬರಹವಲ್ಲ ಎಂಬಂತಾಯಿತು.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸ್ತ್ರೀವಾದಿ ವಿಮರ್ಶೆ ಲೇಖಕಿಯರ ಪರಂಪರೆಯನ್ನು ಮರುಶೋಧಿಸಲು ತೊಡಗಿದಾಗ ತಿರುಮಲಾಂಬಾ, ಕೊಡಗಿನ ಗೌರಮ್ಮ, ತ್ರಿವೇಣಿ, ಎಂ.ಕೆ. ಇಂದಿರಾ ಇವರ ಹೆಸರುಗಳು ಒಂದು ಸಾಲಿನಲ್ಲಿ ಕಾಣತೊಡಗಿದವು. ಈ ಮರುಓದು ಲೇಖಕಿಗೆ ನ್ಯಾಯ ಒದಗಿಸಿತು. ಓದುಗಳಿಗೆ ಇನ್ನೂ ಒದಗಿಸಬೇಕಾಗಿದೆ. ಕೃತಿಯನ್ನು ಗಂಭೀರವೆಂದು ಒಪ್ಪಿಕೊಂಡ ಮೇಲೂ, ಅದನ್ನು ಹರೆಯದಲ್ಲಿ ಪ್ರೇಮಕಥೆಯೆಂದೇ ಓದಿ, ಇಂದಿರೆಯ ನಿರಾಕರಣೆಯನ್ನೂ ಕಾವೇರಿಯ ಸೋಲನ್ನೂ ತಮ್ಮ ಬದುಕಿನ ಪಕ್ಕದಲ್ಲಿಟ್ಟು ತೂಗಿ ನೋಡಿದ ಸಾವಿರಾರು ಹೆಣ್ಣುಮಕ್ಕಳ ಓದು ಸಾಹಿತ್ಯ ಚರಿತ್ರೆಯ ಹೊರಗೇ ಉಳಿದಿದೆ. ಆ ಓದಿನ ದಾಖಲೆಗಳು ಪುಸ್ತಕಗಳ ಅಂಚಿನಲ್ಲಿ, ಹಳೆಯ ಪತ್ರಗಳಲ್ಲಿ, ಇಂದು ಮುಪ್ಪಿನಲ್ಲಿರುವ ಓದುಗರ ನೆನಪುಗಳಲ್ಲಿ ಚದುರಿವೆ. ಚನ್ನಗಿರಿ, ಹೊನ್ನಾಳಿ, ಜಗಳೂರುಗಳಂಥ ಊರುಗಳಲ್ಲಿ ಅವನ್ನು ಸಂಗ್ರಹಿಸುವ ಕಾರ್ಯ ತಡವಾದಷ್ಟೂ, ತ್ರಿವೇಣಿಯವರ ಜೀವನಚರಿತ್ರೆಯ ಅರ್ಧಭಾಗ ಬರೆಯದೆಯೇ ಅಳಿಸಿಹೋಗುತ್ತದೆ.