ಡಾ. ಎಂ. ವಿ. ಗೋಪಾಲಸ್ವಾಮಿ

ಕೆಲವು ಮಹನೀಯರ ವಿಷಯದಲ್ಲಿ ಅವರ ಪ್ರಸಿದ್ಧಿಯೇ ಅವರ ಮುಖ್ಯ ಕೆಲಸವನ್ನು ಮರೆಮಾಡಿಬಿಡುತ್ತದೆ. ಡಾ. ಎಂ. ವಿ. ಗೋಪಾಲಸ್ವಾಮಿಯವರು ಅಂಥವರಲ್ಲಿ ಒಬ್ಬರು. ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ನಿಲಯ ನಡೆಸಿದವರೆಂದು ನಾಡು ಅವರನ್ನು ಬಲ್ಲದು. ಆದರೆ ಅವರು ಇಂಜಿನಿಯರರಲ್ಲ, ವ್ಯಾಪಾರಿಯಲ್ಲ, ಸರಕಾರದ ಪ್ರಸಾರಾಧಿಕಾರಿಯೂ ಅಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕರು. ರೇಡಿಯೋ ಅವರ ಉಪಕಾರ್ಯ. ಮನಸ್ಸಿನ ವ್ಯಾಸಂಗ ಅವರ ಜೀವನಕಾರ್ಯ. ಅವರನ್ನು ಕುರಿತು ನಾಲ್ಕು ಮಾತು ಬರೆಯಲು ನನಗೆ ವಿಶೇಷ ಕಾರಣವೊಂದಿದೆ.

ನಾನು ಕಾಪುವಿನವನು. ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡು ಓದುತ್ತಿದ್ದೇನೆ. ಪದವಿಯಾದ ಮೇಲೆ ಎಂ.ಎ.ವರೆಗೂ ಅದನ್ನೇ ಓದಬೇಕೆಂಬ ಆಸೆ. ನಮ್ಮ ಕಡೆಯಲ್ಲಿ ಈ ಮಾತು ತೆಗೆದರೆ ಹಿರಿಯರಲ್ಲಿ ಕೆಲವರು ನಗುತ್ತಾರೆ, ಕೆಲವರು ಗಾಬರಿಯಾಗುತ್ತಾರೆ. ಇದು ಮರ್ಲಿನವರ ಆಸ್ಪತ್ರೆಗೆ ಸಂಬಂಧಪಟ್ಟ ಓದೆಂದು ಒಬ್ಬರು, ಎದುರಿಗೆ ಕೂತವರ ಮನಸ್ಸನ್ನು ಓದಿ ಹೇಳುವ ಜೋಯಿಸತನವೆಂದು ಇನ್ನೊಬ್ಬರು. ಇದನ್ನು ಅಷ್ಟು ದೂರ ಓದಿ ಮಾಡುವುದೇನು ಎಂಬ ಪ್ರಶ್ನೆಯಂತೂ ಎಲ್ಲರದೂ. ಪ್ರಶ್ನೆ ನ್ಯಾಯವಾದುದೇ. ಫೀಸು ಕಟ್ಟುವವರಿಗೆ ಅದನ್ನು ಕೇಳುವ ಅಧಿಕಾರವಿದೆ. ಅದಕ್ಕೆ ತರ್ಕದಿಂದ ಉತ್ತರ ಕೊಡುವುದಕ್ಕಿಂತ ಒಂದು ಬಾಳಿನಿಂದ ಉತ್ತರ ಕೊಡುವುದು ಮೇಲು.

ಗೋಪಾಲಸ್ವಾಮಿಯವರು ಹುಟ್ಟಿದ್ದು 1896ರಲ್ಲಿ. ಮನಶ್ಶಾಸ್ತ್ರವೆಂಬುದು ಆಗ ಇನ್ನೂ ಎಳೆಯ ಕೂಸು. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವುಂಟ್ ಎಂಬ ವಿದ್ವಾಂಸರು ಮೊದಲ ಪ್ರಯೋಗಶಾಲೆಯನ್ನು ತೆರೆದು (1879) ಹದಿನೇಳು ವರ್ಷವಾಗಿತ್ತು, ಅಷ್ಟೆ. ಅದುವರೆಗೆ ಮನಸ್ಸು ತತ್ತ್ವಶಾಸ್ತ್ರದ ಒಂದು ಅಧ್ಯಾಯವಾಗಿತ್ತು. ಅದನ್ನೂ ಬೆಳಕು, ಶಬ್ದಗಳಂತೆ ಪ್ರಯೋಗಕ್ಕೆ ಒಡ್ಡಬಹುದೆಂದು ಕಾಣಿಸಿಕೊಟ್ಟವರು ವುಂಟ್. ಅವರಲ್ಲಿ ಕಲಿತ ಚಾರ್ಲ್ಸ್ ಸ್ಪಿಯರ್‌ಮನ್ ಲಂಡನ್ನಿಗೆ ಬಂದು ಬುದ್ಧಿಶಕ್ತಿಯ ಅಳತೆಯನ್ನು ಗಣಿತದ ಹಿಡಿತಕ್ಕೆ ತಂದರು. ಲೆಕ್ಕದಲ್ಲಿ ಚುರುಕಾದ ಹುಡುಗ ಭಾಷೆಯಲ್ಲಿಯೂ ಸಾಮಾನ್ಯವಾಗಿ ಚುರುಕಾಗಿರುತ್ತಾನಲ್ಲ, ಹಾಗಾದರೆ ಎಲ್ಲ ಸಾಮರ್ಥ್ಯಗಳ ಹಿಂದೆ ಒಂದು ಸಾಮಾನ್ಯ ಶಕ್ತಿ ಇರಬೇಕೆಂಬುದು ಅವರ ವಾದ. ಈ ವಾದ ಮುಂದೆ ಬಹಳ ಚರ್ಚೆಗೆ ಒಳಗಾಯಿತು. ಮನುಷ್ಯನ ಬುದ್ಧಿಯನ್ನೆಲ್ಲ ಒಂದೇ ಅಂಕಿಯಲ್ಲಿ ಹಿಡಿದಿಡಲು ಇಂದು ಹಲವರು ಒಪ್ಪುವುದಿಲ್ಲ. ಆದರೂ ಅದು ಆ ಕಾಲದ ದೊಡ್ಡ ಹೆಜ್ಜೆ.

ಈ ಸ್ಪಿಯರ್‌ಮನ್ನರ ಬಳಿಗೆ ನಮ್ಮ ಗೋಪಾಲಸ್ವಾಮಿಯವರು ಹೋದರು. ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. ಕೈಕಾಲುಗಳ ಕಲಿಕೆಯಲ್ಲಿ ಬುದ್ಧಿಯ ಪಾಲೆಷ್ಟು ಎಂಬ ವಿಷಯವಾಗಿ ಅವರು ಬರೆದ ಲೇಖನ 1924ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿ ಪತ್ರಿಕೆಯಲ್ಲಿ ಅಚ್ಚಾಯಿತು. ಕನ್ನಡಿಯಲ್ಲಿ ನೋಡುತ್ತ ಕಾಗದದ ಮೇಲಿನ ನಕ್ಷತ್ರದ ಗೆರೆಯನ್ನು ಪೆನ್ಸಿಲಿನಿಂದ ತಿದ್ದುವ ಪ್ರಯೋಗವನ್ನು ಮನಶ್ಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಬಲ್ಲರು. ಒಂದು ಕಡೆಗೆ ಹೋಗೆಂದರೆ ಕೈ ಇನ್ನೊಂದು ಕಡೆಗೆ ಹೋಗುತ್ತದೆ. ಮೊದಲ ಸಲ ಎಲ್ಲರೂ ಪೆದ್ದರೇ. ಹತ್ತು ಸಲ ಮಾಡಿದ ಮೇಲೆ ಕೈ ತಾನಾಗಿ ದಾರಿ ಹಿಡಿಯುತ್ತದೆ. ಆ ಹತ್ತು ಸಲಗಳ ನಡುವೆ ಏನಾಯಿತು? ಕಲಿತದ್ದು ಕೈಯೋ ಬುದ್ಧಿಯೋ? ಉನ್ನತ ವ್ಯಾಸಂಗವೆಂದರೆ ಇಂಥ ಸಣ್ಣ ಪ್ರಶ್ನೆಯ ಬೆನ್ನು ಬಿಡದೆ ವರ್ಷಗಟ್ಟಲೆ ಕೂರುವುದು. ಅದರಲ್ಲಿ ಮಂತ್ರವೂ ಇಲ್ಲ, ಮಾಯೆಯೂ ಇಲ್ಲ. ಗಡಿಯಾರ, ಕಾಗದ, ಲೆಕ್ಕ ಮತ್ತು ತಾಳ್ಮೆ.

ಇಷ್ಟು ಓದಿದವರಿಗೆ ಭಾರತದಲ್ಲಿ ಸಿದ್ಧವಾದ ಸ್ಥಾನವೆಲ್ಲಿತ್ತು? ಮನಶ್ಶಾಸ್ತ್ರಕ್ಕೆಂದೇ ಪ್ರತ್ಯೇಕ ವಿಭಾಗವಿದ್ದುದು 1916ರಲ್ಲಿ ಆರಂಭವಾದ ಕಲ್ಕತ್ತೆಯಲ್ಲಿ ಮಾತ್ರ. ಮೈಸೂರಿನ ಅದೃಷ್ಟಕ್ಕೆ ಆಗ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದವರು ಬ್ರಜೇಂದ್ರನಾಥ ಸೀಲರು. 1905ರಷ್ಟು ಹಿಂದೆಯೇ ಕಲ್ಕತ್ತೆಗೆ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮವನ್ನು ರೂಪಿಸಿಕೊಟ್ಟಿದ್ದ ಮಹಾವಿದ್ವಾಂಸರು ಅವರು. ಅವರ ಕಾಲದಲ್ಲಿ, 1924ರಲ್ಲಿ, ಮೈಸೂರಿನಲ್ಲಿ ವಿಭಾಗ ತೆರೆಯಿತು. ಗೋಪಾಲಸ್ವಾಮಿಯವರು ಅದರ ಹೊಣೆ ಹೊತ್ತರು. ಪ್ರಯೋಗಶಾಲೆಯೊಂದನ್ನು ಕಟ್ಟಿ ನಿಲ್ಲಿಸಿದರು. ನಮ್ಮ ದಕ್ಷಿಣ ಕನ್ನಡ ಆಗ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಆ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಈ ವಿಭಾಗ ಬಂದದ್ದು 1943ರಲ್ಲಿ. ಅಂದರೆ ಸುಮಾರು ಎರಡು ದಶಕಗಳ ಕಾಲ ಉಡುಪಿ, ಕಾರ್ಕಳಗಳ ಹುಡುಗನಿಗೆ ಈ ಓದು ಬೇಕೆನಿಸಿದ್ದರೆ ಘಟ್ಟ ಹತ್ತಿ ಮೈಸೂರು ಸಂಸ್ಥಾನಕ್ಕೆ ಹೋಗುವುದೇ ಹತ್ತಿರದ ದಾರಿಯಾಗಿತ್ತು.

ಅವರ ಕೆಲಸದಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಒಂದಂಶ. ಪಶ್ಚಿಮದಲ್ಲಿ ಕಲಿತ ಪರೀಕ್ಷಾ ವಿಧಾನಗಳನ್ನು ಅವರು ಇದ್ದಂತೆಯೇ ತಂದು ಇಲ್ಲಿಯವರ ಮೇಲೆ ಹೇರಲಿಲ್ಲ. ಇಲ್ಲಿಯ ಪರಿಸ್ಥಿತಿಗೆ ಹೊಂದಿಸಲು ದುಡಿದರು. ಫ್ರಾನ್ಸಿನ ಬಿನೆ ಮತ್ತು ಸಿಮೋನರು 1905ರಲ್ಲಿ ರಚಿಸಿದ ಬುದ್ಧಿಪರೀಕ್ಷೆ ಪ್ಯಾರಿಸ್ಸಿನ ಮಕ್ಕಳಿಗಾಗಿ ಹುಟ್ಟಿದ್ದು. ಹಿಮವನ್ನೇ ಕಾಣದ ಮಗುವಿಗೆ ಹಿಮದ ಪ್ರಶ್ನೆ ಕೇಳಿ, ಉತ್ತರ ಬಾರದಿದ್ದರೆ ಮಂದಬುದ್ಧಿಯೆಂದು ಬರೆದುಕೊಳ್ಳುವುದು ಶಾಸ್ತ್ರವಲ್ಲ, ಅನ್ಯಾಯ. ನಮ್ಮ ಕಾಪುವಿನ ಕಡಲ ಕರೆಯಲ್ಲಿ ಬೆಳೆದ ಎಂಟು ವರ್ಷದ ಹುಡುಗ ಗಾಳಿ ತಿರುಗಿದ್ದನ್ನು ದೊಡ್ಡವರಿಗಿಂತ ಮೊದಲು ಗುರುತಿಸಿಯಾನು; ಕಾರ್ಕಳದ ಗದ್ದೆಯ ಅಂಚಿನ ಹುಡುಗಿ ಹತ್ತು ಬಗೆಯ ಸೊಪ್ಪನ್ನು ಹೆಸರಿಸಿಯಾಳು. ಅವರನ್ನು ಅಳೆಯುವ ಕೋಲು ಬೇರೆಯೇ ಬೇಕು. ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಅಳವಡಿಸಿದ ವಿ. ವಿ. ಕಾಮತರೂ 1930ರ ದಶಕದಲ್ಲಿ ಇದೇ ದಾರಿಯಲ್ಲಿ ನಡೆದರು. ಮೈಸೂರಿನಲ್ಲಿ ಪಳಗಿದ ಬಿ. ಕುಪ್ಪುಸ್ವಾಮಿಯವರು ಮುಂದೆ ಕುಟುಂಬದ ವಿದ್ಯೆ, ಉದ್ಯೋಗ, ವರಮಾನಗಳನ್ನು ಸೇರಿಸಿ ರಚಿಸಿದ ಮಾಪಕವನ್ನು ದೇಶದ ವೈದ್ಯಕೀಯ ಸಮೀಕ್ಷೆಗಳಲ್ಲಿ ಇಂದಿಗೂ ಬಳಸುತ್ತಾರೆ.

ಇನ್ನು ರೇಡಿಯೋದ ಮಾತು. 1935ರ ಸೆಪ್ಟೆಂಬರ್ 10ರಂದು ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಿಂದ ಪ್ರಸಾರವನ್ನು ಆರಂಭಿಸಿದರು. ಯಂತ್ರದ ಶಕ್ತಿ 30 ವ್ಯಾಟ್. ಅಂದಿನ ಮನೆಯ ಒಂದು ಬಲ್ಬಿಗೆ ಬೇಕಾಗುತ್ತಿದ್ದಷ್ಟೂ ಇಲ್ಲ. ಮುಂದೆ 250 ವ್ಯಾಟಿನ ಯಂತ್ರ ಬಂತು. ಬಹುಪಾಲು ಸ್ವಂತ ಖರ್ಚಿನಲ್ಲಿ, ಪಾಠಪ್ರವಚನಗಳ ನಡುವೆಯೇ, ವರ್ಷಗಳ ಕಾಲ ಅದನ್ನು ನಡೆಸಿದರು. ನಾ. ಕಸ್ತೂರಿಯವರಂಥವರು ಕೈಜೋಡಿಸಿದರು, ಸಂಗೀತಗಾರರೂ ಸಾಹಿತಿಗಳೂ ಬಂದು ಹಾಡಿದರು, ಮಾತನಾಡಿದರು. ನಿಲಯಕ್ಕೆ ಆಕಾಶವಾಣಿ ಎಂಬ ಹೆಸರಾಯಿತು. 1940ರ ದಶಕದ ಆರಂಭದಲ್ಲಿ ಸಂಸ್ಥಾನದ ಸರಕಾರ ಅದನ್ನು ವಹಿಸಿಕೊಂಡಿತು. 1950ರ ದಶಕದಲ್ಲಿ ಆ ಹೆಸರು ಇಡೀ ಭಾರತದ ರೇಡಿಯೋಗೆ ಹೆಸರಾಯಿತು.

ಮನಶ್ಶಾಸ್ತ್ರದ ಪ್ರಾಧ್ಯಾಪಕರಿಗೆ ರೇಡಿಯೋದ ಗೊಡವೆ ಏಕೆಂದು ಕೇಳಬಹುದು. ನನಗೆ ತೋರುವ ಉತ್ತರವಿದು: ತರಗತಿಯಲ್ಲಿ ಕುಳಿತವರು ಕೆಲವೇ ಮಂದಿ, ಮನಸ್ಸುಳ್ಳವರು ಊರಿನ ಎಲ್ಲರೂ. ಕಲಿಕೆ ಹೇಗೆ ನಡೆಯುತ್ತದೆಂದು ಲಂಡನ್ನಿನಲ್ಲಿ ಅಭ್ಯಸಿಸಿದವರು ಕಲಿಕೆಯನ್ನು ಕಾಲೇಜಿನ ಗೋಡೆಯಾಚೆಗೆ ಕಳುಹಿಸುವ ಉಪಾಯವನ್ನು ಹುಡುಕಿದ್ದರಲ್ಲಿ ಆಶ್ಚರ್ಯವಿಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾಗಿ, ಅದರ ಪ್ರಸಾರಕೇಂದ್ರ ನಮ್ಮ ಉಡುಪಿಯ ಬಳಿ ಬ್ರಹ್ಮಾವರದಲ್ಲಿ ನಿಂತಿತು. ಅದರಲ್ಲಿ ಯಕ್ಷಗಾನ ಕೇಳಿದ ನಮ್ಮ ಅಜ್ಜಿಯಂದಿರು, ಆ ಹೆಸರಿನ ಹಿಂದೆ ಒಬ್ಬ ಮನಶ್ಶಾಸ್ತ್ರದ ಮೇಷ್ಟ್ರಿದ್ದರೆಂದು ಅರಿಯರು.

ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರೂ ಆಗಿದ್ದು, 1957ರಲ್ಲಿ ತೀರಿಕೊಂಡರು. ಅದಕ್ಕೆ ಮೂರು ವರ್ಷ ಮೊದಲು, 1954ರಲ್ಲಿ, ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತ್ತು; ಅದೇ ಇಂದಿನ ನಿಮ್ಹಾನ್ಸ್. ಅದರ ಮೊದಲ ನಿರ್ದೇಶಕರು ಡಾ. ಎಂ. ವಿ. ಗೋವಿಂದಸ್ವಾಮಿ. ಹೆಸರುಗಳ ಹೋಲಿಕೆಯಿಂದ ಇವರಿಬ್ಬರನ್ನು ಒಬ್ಬರೆಂದು ತಿಳಿಯಬಾರದು, ಗೋವಿಂದಸ್ವಾಮಿಯವರು ಮನೋವೈದ್ಯರು. ಅಧ್ಯಾಪಕರೊಬ್ಬರು, ವೈದ್ಯರೊಬ್ಬರು, ಮನಸ್ಸಿನ ವಿಷಯವಾಗಿ ಕನ್ನಡನಾಡು ಮಾಡಿದ ಕೆಲಸಕ್ಕೆ ಇಬ್ಬರೂ ಎರಡು ಕಂಬಗಳು.

ಇಂದು ನಮಗೆ ಹಾದಿ ಎಷ್ಟೋ ಸುಲಭವಾಗಿದೆ. ಚಿಕಿತ್ಸಾ ಮನಶ್ಶಾಸ್ತ್ರದ ಉನ್ನತ ವ್ಯಾಸಂಗ ಮಣಿಪಾಲದಲ್ಲಿಯೇ ದೊರೆಯುತ್ತದೆ; ಹಡಗು ಹತ್ತಬೇಕಿಲ್ಲ, ಬಸ್ಸು ಹತ್ತಿದರೆ ಸಾಕು. ಆದರೆ ಓದು ಹತ್ತಿರ ಬಂದ ಮಾತ್ರಕ್ಕೆ ಜನ ಹತ್ತಿರ ಬಂದಾರೆಯೆ? ಮನಸ್ಸಿಗೆ ಕಷ್ಟವಾದಾಗ ನಮ್ಮವರು ಮೊದಲು ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ, ದರ್ಶನದಲ್ಲಿ ದೈವದ ಮುಂದೆ ನಿಲ್ಲುತ್ತಾರೆ. ಕಟ್ಟಕಡೆಗೆ, ಅದೂ ಯಾರಿಗೂ ತಿಳಿಯದಂತೆ, ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ಅವರನ್ನು ಹಳಿಯುವುದರಿಂದ ಫಲವಿಲ್ಲ. ಅವರ ಮಾತಿನಲ್ಲಿ ಅವರೊಡನೆ ಮಾತನಾಡಬಲ್ಲ ಕಲಿತವರು ಸಾಲದಷ್ಟಿರುವುದೇ ಕೊರತೆ.

ಎಂ.ಎ. ಓದಿ ಮಾಡುವುದೇನೆಂಬ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಪರದೇಶದ ಪ್ರಶ್ನೆ ಮೈಸೂರಿನ ಮಗುವಿಗೆ ಹೊಂದದೆಂದು ಗೋಪಾಲಸ್ವಾಮಿಯವರ ತಲೆಮಾರು ಕಂಡುಕೊಂಡಿತು. ಮೈಸೂರಿನ ಪ್ರಶ್ನೆ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುವ ನಮ್ಮ ಕರಾವಳಿಯ ಮಗುವಿಗೆ ಹೊಂದೀತೇ ಎಂದು ನೋಡುವ ಕೆಲಸ ನಮ್ಮ ತಲೆಮಾರಿಗೆ ಉಳಿದಿದೆ. ಅದು ಒಬ್ಬನಿಂದಾಗುವ ಕೆಲಸವಲ್ಲ. ನನ್ನ ಸಹಪಾಠಿಗಳಲ್ಲಿ ನಾಲ್ವರಾದರೂ ಜೊತೆಗೆ ಬಂದರೆ ಈ ಬರಹ ಸಾರ್ಥಕವಾದಂತೆ.